ಚಾರ್ಟಿನಲ್ಲಿ ಅಮೆರಿಕ, ಹಿಂದಿನ ಕೋಣೆಯಲ್ಲಿ ರೇಡಿಯೋ

"ಲೆಕ್ಕ ಹಾಕಕ್ಕೆ ಅಮೆರಿಕಾವರೆಗೂ ಹೋಗಿಬಂದೆಯಲ್ಲಮ್ಮಾ ಕಮಲಾ, ತಿರುಪ್ಪೂರಿಗೆ ಬಂದು ಒಂದು ಮಾತು ಕೇಳಕ್ಕೆ ನಿನಗೆ ಬಸ್ಸು ಸಿಗಲಿಲ್ಲವಾ?"

ಹೀಗೆ ಕೇಳಿದವರು ನಮ್ಮ ಬಾವ. ಅಂದರೆ ನನ್ನ ಅಕ್ಕನ ಗಂಡ. ನಾಲ್ಕು ಪವರ್‌ಲೂಮ್ ಇಟ್ಟುಕೊಂಡು ದಿನವಿಡೀ ಅದರ ಗದ್ದಲದಲ್ಲೇ ಇರುವ ಮನುಷ್ಯ. ಮನೆಗೆ ಬಂದರೆ ಬಾಯಿ ಬಿಡುವುದೇ ಅಪರೂಪ. ವರ್ಷಕ್ಕೆ ಒಂದೇ ವಾಕ್ಯ ಅಂತ ನಾವೆಲ್ಲ ತಮಾಷೆ ಮಾಡುತ್ತೇವೆ. ಈ ವರ್ಷದ ವಾಕ್ಯ ನನ್ನ ಪಾಲಿಗೆ ಬಂತು.

ಬರಬೇಕಾದದ್ದೇ. ಯಾಕೆ ಅಂತ ಹೇಳುತ್ತೇನೆ, ಕೇಳಿ.

ನಾನು ಕೊಯಮತ್ತೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಎಕನಾಮಿಕ್ಸ್ ಹೇಳಿಕೊಡುವುದು ಈ ಅಂಕಣ ಓದುವವರಿಗೆಲ್ಲ ಗೊತ್ತು. ಕಳೆದ ಡಿಸೆಂಬರಿನಲ್ಲಿ ನಮ್ಮ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಜನವರಿ ಕೊನೆಗೆ ಸೆಮಿನಾರ್ ಇದೆ, ನೀವೊಂದು ಪೇಪರ್ ಓದಬೇಕು ಅಂದರು. ವಿಷಯವನ್ನೂ ಅವರೇ ಕೊಟ್ಟರು: ಉನ್ನತ ಶಿಕ್ಷಣದಲ್ಲಿ ಯಾವ ದೇಶದಲ್ಲಿ ಎಷ್ಟು ಜನ ಪಾಲ್ಗೊಳ್ಳುತ್ತಾರೆ, ನಮ್ಮ ದೇಶ ಅದರಲ್ಲಿ ಎಲ್ಲಿದೆ.

ನನಗೆ ಖುಷಿಯಾಯಿತು. ಯಾರಿಗೆ ಆಗುವುದಿಲ್ಲ? ಸೆಮಿನಾರ್ ಅಂದರೆ ಹೊಸ ಸೀರೆ, ಮೈಕು, ಮಧ್ಯಾಹ್ನದ ಊಟ. (ನಮ್ಮ ಕಾಲೇಜಿನ ಸೆಮಿನಾರ್ ಊಟದ ಬಗ್ಗೆ ಪ್ರತ್ಯೇಕವಾಗಿ ಒಂದು ಪೇಪರ್ ಓದಬಹುದು.)

ಮೂರು ವಾರ ಲೈಬ್ರರಿಯಲ್ಲಿ ಕೂತೆ. ದಪ್ಪ ದಪ್ಪ ಪುಸ್ತಕಗಳು. ಧೂಳು ಕೊಡವಿದರೆ ಅಮೆರಿಕ, ಇನ್ನೊಂದು ಕೊಡವಿದರೆ ಜಪಾನ್. ಲೆಕ್ಕ ಹಾಕುವ ರೀತಿ ಸುಲಭ. ಕಾಲೇಜಿಗೆ ಹೋಗುವ ವಯಸ್ಸಿನ ನೂರು ಜನರನ್ನು ಸಾಲಾಗಿ ನಿಲ್ಲಿಸಿ. ಅವರಲ್ಲಿ ನಿಜವಾಗಿ ಕಾಲೇಜಿನಲ್ಲಿ ಇರುವವರು ಎಷ್ಟು ಅಂತ ಎಣಿಸಿ. ಅಮೆರಿಕದ ಸಾಲಿನಲ್ಲಿ ಕೈ ಎತ್ತುವವರು ಬಹಳ. ನಮ್ಮ ಸಾಲಿನಲ್ಲಿ ಒಂದು ಕೈ ಇಲ್ಲಿ, ಇನ್ನೊಂದು ಎಲ್ಲೋ ದೂರದಲ್ಲಿ.

ಪೇಪರ್ ರೆಡಿಯಾಯಿತು. ಚಾರ್ಟ್ ಮಾತ್ರ ಬಾಕಿ. ನನ್ನ ಕೈಬರಹ ನೋಡಿದವರಿಗೆ (ಈ ಪತ್ರಿಕೆಯ ಸಂಪಾದಕರು ಅವರಲ್ಲಿ ಒಬ್ಬರು, ಪಾಪ) ನಾನು ಚಾರ್ಟ್ ಬರೆಯಬಾರದು ಅಂತ ಗೊತ್ತು. ಆಗ ನೆನಪಾದಳು ಮಲ್ಲಿಕಾ.

ಮಲ್ಲಿಕಾ ನನ್ನ ಸರಸಕ್ಕನ, ಅಂದರೆ ಇದೇ ಬಾವನ ಮಗಳು. ಹದಿನೆಂಟು ವರ್ಷ. ಪ್ಲಸ್ ಟುನಲ್ಲಿ ಅವಳ ಸ್ಕೂಲಿಗೇ ಮೊದಲು. ಮುತ್ತು ಪೋಣಿಸಿದಂಥ ಅಕ್ಷರ, ಇಂಗ್ಲಿಷಿನಲ್ಲೂ, ತಮಿಳಿನಲ್ಲೂ. ಕನ್ನಡದಲ್ಲಿ ಅಂತ ಕೇಳಬೇಡಿ. ನಮ್ಮ ಮನೆಗಳಲ್ಲಿ ಕನ್ನಡ ನಾಲಗೆ ಮೇಲೆ ಇರುತ್ತದೆ, ಕಾಗದದ ಮೇಲೆ ಇರುವುದಿಲ್ಲ. ನೂರಾರು ವರ್ಷದ ಹಿಂದೆ ಮಗ್ಗ ಹೊತ್ತುಕೊಂಡು ಇಲ್ಲಿಗೆ ಬಂದ ಜನ ನಾವು. ಬರುವಾಗ ಅಕ್ಷರ ತರುವುದಕ್ಕೆ ಮರೆತೆವೋ, ದಾರಿಯಲ್ಲಿ ಬೀಳಿಸಿಕೊಂಡೆವೋ! ಎಂ.ಎ. ಓದಲು ಮೈಸೂರಿಗೆ ಹೋದಾಗಲೇ ನಾನು ಅ ಆ ಇ ಈ ಕಲಿತದ್ದು.

ಪೊಂಗಲ್ ರಜ ಬಂತು. ಚಾರ್ಟ್ ಪೇಪರ್ ಸುತ್ತಿಕೊಂಡು, ಸ್ಕೆಚ್ ಪೆನ್ನಿನ ಡಬ್ಬಿ ಬ್ಯಾಗಿಗೆ ಹಾಕಿಕೊಂಡು ಹೊರಟೆ. ನಮ್ಮ ಮನೆಯಿರುವ ಪೀಳಮೇಡಿನಿಂದ ತಿರುಪ್ಪೂರಿಗೆ ಒಂದು ಬಸ್ಸು. ಅಲ್ಲಿಂದ ಕಾಂಗೇಯಂ ರಸ್ತೆಯಲ್ಲಿ ಅಕ್ಕನ ಹಳ್ಳಿಗೆ ಇನ್ನೊಂದು ಬಸ್ಸು. ಆ ಎರಡನೇ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆ. ಬಿಸಿಲಿನಲ್ಲಿ ನಿಂತು ಸರ್ಕಾರವನ್ನು ಬೈದುಕೊಂಡೆ. ಅದರಿಂದ ಬಸ್ಸೇನೂ ಬೇಗ ಬರಲಿಲ್ಲ.

ಹಬ್ಬದ ಮಾರನೆಯ ದಿನ ಹಜಾರದಲ್ಲಿ ಚಾಪೆ ಹಾಸಿ ಕೂತೆವು, ನಾನೂ ಮಲ್ಲಿಕಾನೂ. ನಾನು ಹೇಳುತ್ತಾ ಹೋದೆ, ಅವಳು ಸ್ಕೇಲ್ ಇಟ್ಟು ಗೆರೆ ಎಳೆದು ಕಂಬ ನಿಲ್ಲಿಸುತ್ತಾ ಹೋದಳು. ಒಂದೊಂದು ದೇಶಕ್ಕೆ ಒಂದೊಂದು ಬಣ್ಣದ ಕಂಬ. ಅಮೆರಿಕಕ್ಕೆ ನೀಲಿ. ಕಾಗದದ ಮೇಲಂಚಿನವರೆಗೂ ಹೋಯಿತು. ಜಪಾನಿಗೆ ಕೆಂಪು. ಜರ್ಮನಿಗೆ ಹಸಿರು.

"ಜರ್ಮನಿ ಯಾಕೆ ಚಿಕ್ಕಮ್ಮ ಅಮೆರಿಕಾಗಿಂತ ಅಷ್ಟು ಗಿಡ್ಡ? ನಮ್ಮ ಬನಿಯನ್ ಕಂಪನಿಯಲ್ಲಿರೋ ಒಳ್ಳೇ ಮಷಿನ್ ಎಲ್ಲಾ ಜರ್ಮನಿದೇ ಅಲ್ಲವಾ?"

ಒಳ್ಳೆಯ ಪ್ರಶ್ನೆ. (ನನ್ನ ಎಂ.ಎ. ಕ್ಲಾಸಿನಲ್ಲಿ ಯಾರೂ ಕೇಳಿಲ್ಲ.) ಅಲ್ಲಿ ಬಹಳ ಮಕ್ಕಳು ಕಾಲೇಜಿಗೆ ಹೋಗದೆ ಫ್ಯಾಕ್ಟರಿಯಲ್ಲಿ ಒಂದು ಕಸುಬು ಕಲಿಯುತ್ತಾರೆ, ಆಮೇಲೆ ಅವರಿಗೆ ಮರ್ಯಾದೆಯೂ ಇದೆ, ಸರ್ಟಿಫಿಕೇಟೂ ಇದೆ ಅಂತ ವಿವರಿಸಿದೆ. ಅದಕ್ಕೇ ಕಂಬ ಗಿಡ್ಡವಾದ ಮಾತ್ರಕ್ಕೆ ದೇಶ ಗಿಡ್ಡ ಅಂತ ತಿಳಿಯಬಾರದು ಅಂದೆ.

"ಹಂಗಾದ್ರೆ ನಾನೂ ಜರ್ಮನಿ ತರಾನೇ. ಕಸುಬು ಕಲೀತಿದೀನಲ್ಲಾ."

ಆಗಲೇ ನನಗೆ ಗೊತ್ತಾದದ್ದು, ಅವಳು 'ನಮ್ಮ ಕಂಪನಿ' ಅಂದದ್ದು ಬಾಯಿಮಾತಿಗಲ್ಲ ಅಂತ. ಆರು ತಿಂಗಳಿಂದ ಮಲ್ಲಿಕಾ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಚೆಕಿಂಗ್ ಕೆಲಸ ಮಾಡುತ್ತಿದ್ದಳು. ಹೊಲಿದು ಬಂದ ಬನಿಯನ್ನಿನಲ್ಲಿ ತೂತು ಇದೆಯಾ, ಹೊಲಿಗೆ ಬಿಟ್ಟಿದೆಯಾ ಅಂತ ಬೆಳಕಿಗೆ ಹಿಡಿದು ನೋಡುವುದು. ಜೋತಾಡುವ ನೂಲು ಕತ್ತರಿಸುವುದು.

"ಏನು? ಕಾಲೇಜಿಗೆ ಸೇರಲಿಲ್ಲವಾ ನೀನು?"

ಅವಳು ಇಂಡಿಯಾದ ಕಂಬಕ್ಕೆ ಕೇಸರಿ ಬಣ್ಣ ತುಂಬಲು ಶುರುಮಾಡಿದಳು. ಎರಡು ಸಲ ಪೆನ್ನು ಎಳೆದಳು. ಮುಗಿಯಿತು. ಅಷ್ಟೇ ಇದ್ದದ್ದು.

ನನಗೆ ಸಿಟ್ಟು ಬಂತು. ಸ್ಕೂಲಿಗೇ ಮೊದಲು ಬಂದ ಹುಡುಗಿ ಬನಿಯನ್ ಬೆಳಕಿಗೆ ಹಿಡಿಯುವುದೇ? ಅಷ್ಟರಲ್ಲಿ ಬಾವ ಒಳಗೆ ಬಂದರು. ಸಿಕ್ಕಿದರಲ್ಲ! ಮೇಷ್ಟರ ಸಿಟ್ಟು ಗೊತ್ತಲ್ಲ ನಿಮಗೆ, ಅದು ಬೈಗುಳವಾಗಿ ಬರುವುದಿಲ್ಲ, ಉಪನ್ಯಾಸವಾಗಿ ಬರುತ್ತದೆ. ಚಾರ್ಟ್ ತೋರಿಸಿ ತೋರಿಸಿ ಹೇಳಿದೆ. ನೋಡಿ ಬಾವಾ, ಅಮೆರಿಕದಲ್ಲಿ ಹೀಗೆ. ಜಪಾನಿನಲ್ಲಿ ಹೀಗೆ. ಯುದ್ಧದಲ್ಲಿ ಸುಟ್ಟುಹೋದ ದೇಶ, ಇವತ್ತು ಎಲ್ಲಿದೆ ನೋಡಿ. ನಾವು ಮಾತ್ರ ಹೆಣ್ಣುಮಕ್ಕಳನ್ನು ಪ್ಲಸ್ ಟುಗೆ ನಿಲ್ಲಿಸಿಬಿಡುತ್ತೇವೆ. ತಂದೆಯರ ಮನೋಭಾವ ಬದಲಾಗದೆ ಈ ಕಂಬ ಮೇಲೇಳುವುದಿಲ್ಲ. ಸೆಮಿನಾರಿಗೆ ಅಂತ ಬರೆದಿಟ್ಟುಕೊಂಡಿದ್ದ ಕೊನೆಯ ಪ್ಯಾರಾವನ್ನೂ ಅಲ್ಲೇ ಖರ್ಚು ಮಾಡಿದೆ.

ಬಾವ ನಿಂತುಕೊಂಡೇ ಪೂರ್ತಿ ಕೇಳಿದರು. ಆಮೇಲೆ ಆ ವಾಕ್ಯ ಹೇಳಿದರು. ಅದೇ, ಬಸ್ಸು ಸಿಗಲಿಲ್ಲವಾ ಅಂತ. ಹೇಳಿ, ಟವಲ್ ಹೆಗಲಿಗೆ ಹಾಕಿಕೊಂಡು ಮಗ್ಗದ ಶೆಡ್ಡಿಗೆ ಹೋಗಿಬಿಟ್ಟರು.

ನನಗೆ ಅರ್ಥವಾಗಲಿಲ್ಲ. ಅಕ್ಕ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದಳು.

"ಅವರು ಯಾವತ್ತೂ ಬೇಡ ಅಂದಿಲ್ಲ ಕಮಲೀ. ಸೀಟು ಸಿಕ್ಕಿತ್ತು ಅವಳಿಗೆ. ನಿಮ್ಮ ಕೊಯಮತ್ತೂರಲ್ಲೇ."

ವಿಷಯ ಇಷ್ಟು. ತಿರುಪ್ಪೂರಿನ ಕಾಲೇಜಿನಲ್ಲಿ ಮಲ್ಲಿಕಾಗೆ ಮ್ಯಾತ್ಸ್ ಸೀಟು ಸಿಗಲಿಲ್ಲ. ಅವಳಿಗೆ ಮ್ಯಾತ್ಸೇ ಬೇಕು. ಕೊಯಮತ್ತೂರಿನ ಒಂದು ಕಾಲೇಜಿನಿಂದ (ನಮ್ಮದಲ್ಲ) ಇಂಟರ್‌ವ್ಯೂ ಕಾರ್ಡ್ ಬಂತು. ಅಪ್ಪ ಮಗಳು ಹೋಗಿಬಂದರು. ಸೀಟು ಖಾಯಂ. ಹಾಸ್ಟೆಲ್ ಭರ್ತಿ. ಇನ್ನು ದಿನಾ ಓಡಾಡೋಣ ಅಂದರೆ, ಹಳ್ಳಿಯ ಮೊದಲ ಬಸ್ಸು ಹಿಡಿದು, ತಿರುಪ್ಪೂರಿನಲ್ಲಿ ಬದಲಾಯಿಸಿ, ಕಾಲೇಜು ಮುಟ್ಟುವ ಹೊತ್ತಿಗೆ ಎರಡನೇ ಪೀರಿಯಡ್ ಮುಗಿದಿರುತ್ತದೆ. ಬಾವ ಎರಡು ದಿನ ತಾವೇ ಆ ಬಸ್ಸಿನಲ್ಲಿ ಹೋಗಿ, ಗಡಿಯಾರ ನೋಡಿಕೊಂಡು ಬಂದರಂತೆ. ಮಾತಾಡದ ಮನುಷ್ಯ. ಎರಡು ದಿನ ಮಗ್ಗ ನಿಲ್ಲಿಸಿ.

"ನಿನಗೆ ಕಾಗದ ಬರೆದೆವಲ್ಲಾ," ಅಂದಳು ಅಕ್ಕ.

ಬರೆದಿದ್ದರು. ನೆನಪಾಯಿತು. ಜೂನಿನಲ್ಲಿ ಒಂದು ಇನ್‌ಲ್ಯಾಂಡ್ ಲೆಟರ್. ಅಕ್ಕ ಹೇಳಿ ಮಲ್ಲಿಕಾ ತಮಿಳಿನಲ್ಲಿ ಬರೆದದ್ದು. ಸೀಟು ಸಿಕ್ಕಿದೆ, ಹಾಸ್ಟೆಲ್ ಸಿಗಲಿಲ್ಲ, ಬಸ್ಸು ಸರಿಹೊಂದುವುದಿಲ್ಲ, ಏನು ಮಾಡುವುದು ಅಂತ ನೀನೇ ಒಂದು ದಾರಿ ಹೇಳು ಅಂತ. ನಾನು ಏನು ಮಾಡಿದೆ? ದಾರಿ ಹೇಳಿದೆ! ಎರಡು ಪುಟ. ವಾರ್ಡನ್ನಿಗೆ ಇನ್ನೊಂದು ಅರ್ಜಿ ಕೊಡಿ, ಅದಾಗದಿದ್ದರೆ ಅಂಚೆಯಲ್ಲಿ ಓದುವ ಕೋರ್ಸ್ ಇದೆ, ವಿದ್ಯೆ ಮುಖ್ಯ, ಧೈರ್ಯ ಬಿಡಬೇಡಿ. ಬರೆದು, ಪೋಸ್ಟ್ ಮಾಡಿ, ಒಂದು ಒಳ್ಳೆಯ ಕೆಲಸ ಮಾಡಿದೆ ಅಂತ ನೆಮ್ಮದಿಯಾಗಿ ಕಾಫಿ ಕುಡಿದೆ.

ಪೀಳಮೇಡಿನ ನಮ್ಮ ಮನೆಯಿಂದ ಆ ಕಾಲೇಜಿಗೆ ಟೌನ್ ಬಸ್ಸಿನಲ್ಲಿ ಹತ್ತು ನಿಮಿಷ.

ಮನೆಯಲ್ಲಿ ನಾನು, ನಮ್ಮವರು. ಇಬ್ಬರೇ. ಹಿಂದೆ ಒಂದು ಕೋಣೆ. ಅದರಲ್ಲಿ ವಾಸವಾಗಿರುವುದು ಏಳು ಕೆಟ್ಟ ರೇಡಿಯೋ. ನಮ್ಮವರಿಗೆ ಅದೊಂದು ಹುಚ್ಚು. ಗೆಳೆಯರ ಮನೆಯ ಕೆಟ್ಟ ರೇಡಿಯೋಗಳನ್ನೆಲ್ಲ ರಿಪೇರಿ ಮಾಡುತ್ತೇನೆ ಅಂತ ತಂದು ಬಿಚ್ಚುತ್ತಾರೆ. ಬಿಚ್ಚುವುದರಲ್ಲಿ ಅವರು ಎಕ್ಸ್‌ಪರ್ಟ್.

"ಹಂಗಂದ್ರೆ ನೀವು ನಮ್ಮ ಮನೇಲಿ ಇಟ್ಕೋ ಅಂತ ಕೇಳಿದ್ದಾ?" ಅಂತ ಅಕ್ಕನನ್ನು ಕೇಳಿದೆ. ಎಂಥ ಪೆದ್ದು ಪ್ರಶ್ನೆ! "ನೇರವಾಗಿ ಕೇಳಬಾರದಾಗಿತ್ತಾ ಅಕ್ಕಾ?"

ಅಕ್ಕ ತಿರುಗಿ ನನ್ನನ್ನೇ ಕೇಳಿದಳು.

"ನೀನು ಮೈಸೂರಲ್ಲಿ ಓದೋವಾಗ ಹಾಸ್ಟೆಲಲ್ಲಿ ಇದ್ದೆಯಾ?"

ಇರಲಿಲ್ಲ. ನಮ್ಮಪ್ಪನ ದೂರದ ಸಂಬಂಧದ ಅತ್ತೆಯೊಬ್ಬರ ಮನೆಯಲ್ಲಿದ್ದೆ. ಎರಡು ವರ್ಷ. ನಮ್ಮಪ್ಪ ಆ ಅತ್ತೆಗೆ 'ಇಟ್ಟುಕೊಳ್ಳಿ' ಅಂತ ಬರೆದಿರಲಿಲ್ಲ. ಏನು ಮಾಡುವುದು ತಿಳಿಯುತ್ತಿಲ್ಲ ಅಂತ ಬರೆದಿದ್ದರು. ಆ ಅತ್ತೆ ಮೂರನೇ ಕ್ಲಾಸ್ ಓದಿದವರು. ಅವರಿಗೆ ಕಾಗದ ಅರ್ಥವಾಗಿತ್ತು. ಎಂ.ಎ. ಮಾಡಿದ ನನಗೆ ಆಗಲಿಲ್ಲ.

ಅಥವಾ, ನಿಜ ಹೇಳಲೇ? ಅರ್ಥವಾಗಿತ್ತೇನೋ. ಎಲ್ಲೋ ಒಳಗೆ. ಬೆಳಗ್ಗೆ ಎದ್ದರೆ ಮನೆಯಲ್ಲಿ ಇನ್ನೊಬ್ಬರು, ಬಾತ್‌ರೂಮಿಗೆ ಕ್ಯೂ, ಹುಡುಗಿ ಬರುವುದು ತಡವಾದರೆ ನನಗೆ ಆತಂಕ. ಇದೆಲ್ಲ ಬೇಡ ಅಂತಲೇ ಆ ಎರಡು ಪುಟ ಅಷ್ಟು ಸಲೀಸಾಗಿ ಬಂದಿರಬೇಕು. ಎರಡು ಪುಟ ಬರೆಯುವುದಕ್ಕಿಂತ 'ಬಾ' ಅಂತ ಒಂದಕ್ಷರ ಬರೆಯುವುದು ಕಷ್ಟ.

ಅವತ್ತೇ ಸಂಜೆ ಮಲ್ಲಿಕಾಗೆ ಹೇಳಿದೆ. "ಬರೋ ಜೂನಿಗೆ ಮತ್ತೆ ಅಪ್ಲಿಕೇಶನ್ ಹಾಕು. ನಮ್ಮ ಮನೇಲಿ ಇದ್ದುಕೊಂಡು ಓದು."

ಕುಣಿದಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಸ್ಕೆಚ್ ಪೆನ್ನುಗಳಿಗೆ ಒಂದೊಂದಾಗಿ ಮುಚ್ಚಳ ಹಾಕುತ್ತಿದ್ದಳು.

"ಯೋಚನೆ ಮಾಡಿ ಹೇಳ್ತೀನಿ ಚಿಕ್ಕಮ್ಮ."

"ಯೋಚನೆ ಏನು ಅದರಲ್ಲಿ?"

"ಹೋದ್ ಸಲ ನಿಮ್ಮ ಕಾಗದ ಬಂದಾಗ ನಾನೇ ಅವ್ವಗೆ ಓದಿ ಹೇಳಿದ್ದು. ಎರಡು ಸಲ ಓದಿಸಿದರು. 'ಬಾ' ಅಂತ ಎಲ್ಲಾದ್ರೂ ಬರೆದಿದ್ದಾಳಾ ಸರಿಯಾಗಿ ನೋಡು ಅಂತ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ಪರವಾಗಿರಲಿಲ್ಲ. ತಪ್ಪಾಯಿತು ಕಣೇ ಅಂದೆ. ಹದಿನೆಂಟು ವರ್ಷದ ಹುಡುಗಿಗೆ ನಲವತ್ತರ ಲೆಕ್ಚರರ್ ಹಾಗೆ ಹೇಳುವುದು ಸುಲಭವಲ್ಲ ಅಂದುಕೊಂಡಿದ್ದೆ. ಹೇಳಿದ ಮೇಲೆ ನೋಡಿದರೆ ಸುಲಭವೇ.

ಮಾರನೆಯ ದಿನ ಬಸ್‌ಸ್ಟಾಪಿಗೆ ಬಿಡಲು ಬಂದಳು. ಅಕ್ಕ ಕೊಟ್ಟ ಕಾಂಗೇಯಂ ಕೊಬ್ಬರಿ ಎಣ್ಣೆಯ ಡಬ್ಬಿ ಅವಳ ಕೈಯಲ್ಲಿ, ಚಾರ್ಟ್ ನನ್ನ ಕೈಯಲ್ಲಿ. ಬಸ್ಸು ದೂರದಲ್ಲಿ ಕಾಣಿಸಿದಾಗ ಬಾಯಿ ಬಿಟ್ಟಳು.

"ಬರ್ತೀನಿ ಚಿಕ್ಕಮ್ಮ. ಆದ್ರೆ ಒಂದು ಮಾತು. ನಾನು ಓದಕ್ಕೆ ಬರ್ತೀನಿ. ಅಡುಗೆ ಮಾಡಕ್ಕಲ್ಲ. ನನ್ನ ಪಾತ್ರೆ ನಾನು ತೊಳೀತೀನಿ, ನನ್ನ ಬಟ್ಟೆ ನಾನು ಒಗೀತೀನಿ. ಪರೀಕ್ಷೆ ಟೈಮಲ್ಲಿ ನಿಮ್ಮ ಮನೆಗೆ ನೆಂಟರು ಬಂದ್ರೆ ನಾನು ಎದ್ದು ಬಂದು ಕಾಫಿ ಕೊಡಲ್ಲ."

ನಾನು ನಕ್ಕುಬಿಟ್ಟೆ. ನಕ್ಕರೂ ಒಳಗೆ ಚುರುಕ್ ಅಂದಿತು. ಹಿಂದಿನ ರಾತ್ರಿ ಮಲಗುವಾಗ, ಹುಡುಗಿ ಬಂದರೆ ಬೆಳಗಿನ ತಿಂಡಿಗೆ ಒಂದು ಕೈ ಆಗುತ್ತದೆ ಅಂತ ಒಂದು ಯೋಚನೆ ಸುಳಿದು ಹೋಗಿತ್ತಲ್ಲ? ಇವಳಿಗೆ ಹೇಗೆ ತಿಳಿಯಿತು! ಬಂಧುಗಳ ಮನೆಯಲ್ಲಿದ್ದು ಓದಿದ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಓದಿದ್ದೆಷ್ಟು, ರುಬ್ಬಿದ್ದೆಷ್ಟು ಅಂತ.

"ಒಪ್ಪಿದೆ," ಅಂದೆ. ಬಸ್ಸು ಬಂತು.

ಸೆಮಿನಾರ್ ಚೆನ್ನಾಗಿ ನಡೆಯಿತು. ಚಾರ್ಟ್ ನೋಡಿ ಎಲ್ಲರೂ ಭೇಷ್ ಅಂದರು. ನಾನು ಓದಿದ ಮೇಲೆ ಒಂದು ಗಂಟೆ ಚರ್ಚೆ. ನಮ್ಮ ದೇಶದ ಕಂಬ ಯಾಕೆ ಗಿಡ್ಡ? ಜನಸಂಖ್ಯೆ ಅಂದರು ಒಬ್ಬರು. ಬಡತನ ಅಂದರು ಇನ್ನೊಬ್ಬರು. ಬ್ರಿಟಿಷರು ಅಂದರು ಮೂರನೆಯವರು (ಬ್ರಿಟಿಷರು ಹೋಗಿ ನಲವತ್ತು ವರ್ಷ ಆಗುತ್ತಾ ಬಂತು, ಇನ್ನೂ ನಮ್ಮ ಸೆಮಿನಾರುಗಳಿಗೆ ಬರುತ್ತಾರೆ). ತಂದೆತಾಯಿಯರ ಅಜ್ಞಾನ ಅಂತ ಹಿಂದಿನ ಸಾಲಿನಿಂದ ಯಾರೋ ಅಂದಾಗ ಎಲ್ಲರೂ ತಲೆಯಾಡಿಸಿದರು. ಎರಡು ವಾರದ ಹಿಂದೆ ಆಗಿದ್ದರೆ ನಾನೂ ಆಡಿಸುತ್ತಿದ್ದೆ. ಎದ್ದು ನಿಂತು, ಎರಡು ದಿನ ಮಗ್ಗ ನಿಲ್ಲಿಸಿ ಬಸ್ಸಿನ ಟೈಮ್ ನೋಡಿ ಬಂದ ಒಬ್ಬ ತಂದೆಯ ಕತೆ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ಹೇಳಿದ್ದರೆ ಏಳು ರೇಡಿಯೋ ಕತೆಯನ್ನೂ ಹೇಳಬೇಕಾಗುತ್ತಿತ್ತು. ಅದಕ್ಕೇ ಈಗ ನಿಮಗೆ ಹೇಳುತ್ತಿದ್ದೇನೆ.

ಮನೆಗೆ ಬಂದು ನಮ್ಮವರಿಗೆ ವಿಷಯ ತಿಳಿಸಿದೆ. ತಕ್ಷಣ ಒಪ್ಪಿದರು. ರೇಡಿಯೋಗಳನ್ನು ಹೊರಗೆ ಹಾಕಬೇಕು ಅಂದಾಗ ಮಾತ್ರ ಮುಖ ಸಣ್ಣದಾಯಿತು. ಎರಡು ವಾರ ಗಡುವು ಕೇಳಿದರು. ಕೊನೆಗೆ ಆರು ರೇಡಿಯೋ ಆಯಾ ಮಾಲೀಕರ ಮನೆಗೆ, ಬಂದ ಸ್ಥಿತಿಗಿಂತ ಕೆಟ್ಟ ಸ್ಥಿತಿಯಲ್ಲಿ, ವಾಪಸಾದವು. ಏಳನೆಯದು ಇನ್ನೂ ನಮ್ಮ ಡೈನಿಂಗ್ ಟೇಬಲ್ ಮೇಲಿದೆ. ಅದು ಯಾರದು ಅಂತ ಅವರಿಗೇ ಮರೆತುಹೋಗಿದೆ.

ಮಲ್ಲಿಕಾ ಜೂನಿನಲ್ಲಿ ಬಂದಳು. ಅದೇ ಕಾಲೇಜು, ಅದೇ ಮ್ಯಾತ್ಸ್. ಇಂಟರ್‌ವ್ಯೂನಲ್ಲಿ, ಒಂದು ವರ್ಷ ಏನಮ್ಮಾ ಮಾಡುತ್ತಿದ್ದೆ ಅಂತ ಕೇಳಿದರಂತೆ. ಬನಿಯನ್ನಿನಲ್ಲಿ ತಪ್ಪು ಹುಡುಕುತ್ತಿದ್ದೆ ಅಂದಳಂತೆ. ಸೀಟು ಕೊಟ್ಟರು. ಬಾವ ಟ್ರಂಕ್ ಹೊತ್ತು ತಂದು ಕೋಣೆಯಲ್ಲಿಟ್ಟು, ನಮ್ಮೂರಿನ ಹೆಸರುವಾಸಿ ಸಿರುವಾಣಿ ನೀರು ಎರಡು ಲೋಟ ಕುಡಿದು, ಗೋಡೆ ಕಿಟಕಿ ಎಲ್ಲ ನೋಡಿ ಹೊರಟರು. ಏನೂ ಹೇಳಲಿಲ್ಲ. ಈ ವರ್ಷದ ವಾಕ್ಯ ಮುಗಿದಿತ್ತಲ್ಲ.

ಈಗ ಒಂದು ತಿಂಗಳಾಯಿತು. ಬೆಳಗ್ಗೆ ಬಾತ್‌ರೂಮಿಗೆ ಕ್ಯೂ ಇದೆ. ಹುಡುಗಿ ಬರುವುದು ಹತ್ತು ನಿಮಿಷ ತಡವಾದರೆ ನಾನು ಗೇಟಿನ ಹತ್ತಿರ ನಿಂತಿರುತ್ತೇನೆ. ಅಂದುಕೊಂಡ ತೊಂದರೆಗಳೆಲ್ಲ ಒಂದೂ ಬಿಡದೆ ಬಂದಿವೆ. ಮನೆ ಮಾತ್ರ ಗೆಲುವಾಗಿದೆ. ನಮ್ಮವರು ಅವಳ ಹತ್ತಿರ ಲೆಕ್ಕ ಬಿಡಿಸುವ ಪಂದ್ಯ ಆಡಿ ದಿನಾ ಸೋಲುತ್ತಾರೆ.

ಕಳೆದ ಭಾನುವಾರ ಮಲ್ಲಿಕಾಳನ್ನು ನೋಡಲು ಸೆಲ್ವಿ ಬಂದಿದ್ದಳು. ಬನಿಯನ್ ಕಂಪನಿಯಲ್ಲಿ ಇವಳ ಪಕ್ಕದ ಟೇಬಲ್ಲಿನಲ್ಲಿ ಚೆಕಿಂಗ್ ಮಾಡುವವಳು, ತಮಿಳು ಹುಡುಗಿ. ಹುಡುಗಿ ಏನು, ಇಪ್ಪತ್ತಾರು ವರ್ಷ. ಎಸ್ಸೆಸ್ಸೆಲ್ಸಿ ಪಾಸಾಗಿ, ಅಪ್ಪ ಹೋದ ಮೇಲೆ ಕಂಪನಿ ಸೇರಿ, ತಮ್ಮಂದಿರಿಬ್ಬರನ್ನು ಓದಿಸಿದ್ದಾಳೆ. ಕೋಣೆಯ ಗೋಡೆಯಲ್ಲಿ ಮಲ್ಲಿಕಾ ನನ್ನ ಆ ಚಾರ್ಟನ್ನು ಅಂಟಿಸಿಕೊಂಡಿದ್ದಾಳೆ. ಸೆಲ್ವಿ ಅದರ ಮುಂದೆ ನಿಂತು, ಇದೇನು ಅಂತ ವಿಚಾರಿಸಿದಳು. ನಾನು ವಿವರಿಸಿದೆ. ಈ ಸಲ ಚಿಕ್ಕದಾಗಿ.

"ಕಾಲೇಜಿಗೆ ಹೋಗೋ ವಯಸ್ಸು ಅಂದ್ರೆ ಎಷ್ಟರವರೆಗೂಂಗ ಮೇಡಂ?" ಅಂದಳು. ಆ 'ಂಗ' ಈ ಕಡೆಯವರ ಮರ್ಯಾದೆ, ಪ್ರತಿ ಮಾತಿನ ಬಾಲಕ್ಕೂ ಇರುತ್ತದೆ.

ಇಪ್ಪತ್ತಮೂರು, ಇಪ್ಪತ್ತನಾಲ್ಕರವರೆಗೆ ಹಿಡಿಯುತ್ತಾರೆ ಅಂದೆ.

"ಓಹೋ. ಹಂಗಾದ್ರೆ ಓದದೇ ಇರೋರ ಲೆಕ್ಕದಲ್ಲೂ ನಾನಿಲ್ಲಂಗ."

ನನಗೆ ಕಸಿವಿಸಿಯಾಯಿತು. ಸಮಾಧಾನಕ್ಕೆ ಅಂತ, ಅಮೆರಿಕದಲ್ಲಿ ಹಾಗೇನಿಲ್ಲ ಸೆಲ್ವಿ, ಹಗಲು ಕೆಲಸ ಮಾಡಿ ಸಂಜೆ ಕಾಲೇಜಿಗೆ ಹೋಗುವವರಿದ್ದಾರೆ, ಮೂವತ್ತು ನಲವತ್ತು ವರ್ಷದ ತಾಯಂದಿರೂ ಇದ್ದಾರೆ, ಯಾರೂ ವಯಸ್ಸು ಕೇಳುವುದಿಲ್ಲ ಅಂದೆ.

ಸೆಲ್ವಿ ನೀಲಿ ಕಂಬವನ್ನು ಕೆಳಗಿನಿಂದ ಮೇಲಿನವರೆಗೆ ಒಂದು ಸಲ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ನಗದೆ, ತಿಳಿದುಕೊಳ್ಳುವುದಕ್ಕೇ ಕೇಳಿದಳು:

"ಅಲ್ಲಿ ಹೆಂಗಸರಿಗೆ ವಯಸ್ಸಾಗೋದೇ ನಿಧಾನವಾಂಗ ಮೇಡಂ?"